ಸರ್ವರಿನ ಹದ, ಹಾಳೆಯ ಲೆಕ್ಕ

ಸರ್ವರ್ ಸೆಟ್ಟಿಂಗುಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಹಾಕಿ ಹದಕ್ಕೆ ತರುವ ರೂಢಿ ಸಣ್ಣ ಕಚೇರಿಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಹಾಳೆಯ ಎಡಗಡೆ ಯಂತ್ರದ ಮೆಮೊರಿ ಎಷ್ಟು, ಒಂದೊಂದು ಪ್ರೊಸೆಸ್ ಎಷ್ಟು ತಿನ್ನುತ್ತದೆ, ಒಮ್ಮೆಗೆ ಎಷ್ಟು ಜನ ಬರುತ್ತಾರೆ ಎಂಬ ಅಂಕಿಗಳಿರುತ್ತವೆ. ಬಲಗಡೆ ಅಪಾಚೆ ಎಂಬ ವೆಬ್ ಸರ್ವರಿಗೆ ಎಷ್ಟು ಪ್ರೊಸೆಸ್ ಬಿಡಬಹುದು, ಡೇಟಾಬೇಸ್ ನಡೆಸುವ ಮೈಎಸ್‌ಕ್ಯುಎಲ್‌ಗೆ ಎಷ್ಟು ಮೆಮೊರಿ ಎತ್ತಿಡಬೇಕು ಎಂಬ ಉತ್ತರ ಬರುತ್ತದೆ. ಕೆಲವು ಹಾಳೆಗಳು ಕಾನ್ಫಿಗರೇಶನ್ ಫೈಲಿಗೆ ಅಂಟಿಸಬೇಕಾದ ಸಾಲನ್ನೇ ಬರೆದುಕೊಡುತ್ತವೆ. 1979ರಲ್ಲಿ ವಿಸಿಕ್ಯಾಲ್ಕ್ ಬಂದಾಗ ಅದನ್ನು ಕೊಂಡವರು ಹೆಚ್ಚಾಗಿ ಹಣದ ಲೆಕ್ಕ ಇಡುವವರು. ಒಂದು ಅಂಕಿ ಬದಲಿಸಿದರೆ ಉಳಿದವೆಲ್ಲ ತಾವೇ ಬದಲಾಗುವ ಅದೇ ಗುಣ ಸರ್ವರ್ ನೋಡಿಕೊಳ್ಳುವವರನ್ನೂ ಸೆಳೆಯಿತು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಗೆ ಈ ಬಗೆಯ ಲೆಕ್ಕ ಅಪರಿಚಿತವಲ್ಲ. 50 ಕೆಜಿ ಚೆರ್ರಿ ಮೂಟೆಗೆ 26 ಔಟ್‌ಟರ್ನ್ ಎಂದರೆ ಸಿಗುವುದು 26 ಕೆಜಿ ಕ್ಲೀನ್ ಕಾಫಿ, ದರ ಕಟ್ಟುವುದು ಅದರ ಮೇಲೆ. ಸರ್ವರಿನ ಮೆಮೊರಿಗೂ ಔಟ್‌ಟರ್ನ್ ಇದೆ. 4 ಜಿಬಿ ಎಂದು ಬಿಲ್ಲಿನಲ್ಲಿ ಬರೆದದ್ದೆಲ್ಲ ಕೆಲಸಕ್ಕೆ ಸಿಗುವುದಿಲ್ಲ. ಹಾಳೆಯ ಇಡೀ ಉದ್ದೇಶ ಆ ಸಿಪ್ಪೆ ಕಳೆದು ಒಳಗಿನ ಕಾಳು ಎಷ್ಟೆಂದು ಹೇಳುವುದೇ.

ಒಂದು ಉದಾಹರಣೆ ಬೇಕು. ಹತ್ತಾರು ತೋಟಗಳ ಚೆಕ್‌ರೋಲ್ ಮತ್ತು ಕೊಯ್ಲಿನ ತೂಕ ಬರೆದಿಡುವ ಒಂದು ಸರ್ವರ್ ಇದೆ ಎಂದಿಟ್ಟುಕೊಳ್ಳಬಹುದು. ಮೆಮೊರಿ 4,096 ಎಂಬಿ. ಆಪರೇಟಿಂಗ್ ಸಿಸ್ಟಂ ಮತ್ತು ಚಿಲ್ಲರೆ ಕೆಲಸಗಳಿಗೆ 500, ಡೇಟಾಬೇಸಿಗೆ 1,200 ತೆಗೆದಿಟ್ಟರೆ ಉಳಿಯುವುದು 2,396 ಎಂಬಿ. ಪಿಎಚ್‌ಪಿ ಹೊತ್ತ ಅಪಾಚೆ ಪ್ರೊಸೆಸ್ ಒಂದಕ್ಕೆ 60 ಎಂಬಿ ಎಂದರೆ ಭಾಗಲಬ್ಧ 39.93. ಇಲ್ಲಿಯೇ ಮೊದಲ ಎಡವು: ಅಂಕಿಯನ್ನು ಹತ್ತಿರದ ಪೂರ್ಣಸಂಖ್ಯೆಗೆ ತರುವ ಫಾರ್ಮುಲಾ ಇದ್ದರೆ ಉತ್ತರ 40, ಕೆಳಗಿಳಿಸುವ ಫಾರ್ಮುಲಾ ಇದ್ದರೆ 39. ಮೆಮೊರಿ ವಿಷಯದಲ್ಲಿ ಕೆಳಗಿಳಿಸುವುದೇ ಸರಿ. ಈ ಲೆಕ್ಕವನ್ನೇ ಮಾಡದೆ ಅಪಾಚೆಯನ್ನು ಅದರ ಪಾಡಿಗೆ ಬಿಟ್ಟರೆ, ಒಂದೊಂದು ಸಂಪರ್ಕಕ್ಕೆ ಒಂದು ಪ್ರೊಸೆಸ್ ಮೀಸಲಿಡುವ ಪ್ರೀಫೋರ್ಕ್ ವಿಧಾನದಲ್ಲಿ ಅದು 256 ಪ್ರೊಸೆಸ್‌ವರೆಗೆ ಹೋಗಬಲ್ಲದು. 256ಕ್ಕೆ 60ರಂತೆ 15,360 ಎಂಬಿ ಬೇಕು, ಇರುವುದು 4,096. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ಯಾವುದಾದರೊಂದು ದೊಡ್ಡ ಪ್ರೊಸೆಸ್ಸನ್ನು ಕೊಲ್ಲುತ್ತದೆ. ಹಾಗೆ ಬಲಿಯಾಗುವುದು ಹಲವು ಸಲ ಡೇಟಾಬೇಸೇ.

ಹಾಳೆಯ ಗುಣವನ್ನು ಇಲ್ಲಿ ಒಪ್ಪಬೇಕು. 39 ಎಂಬ ಅಂಕಿ ಎಲ್ಲಿಂದ ಬಂತು ಎಂದು ತೋಟದ ರೈಟರು ಕೇಳಿದರೂ ಬೆರಳಿಟ್ಟು ತೋರಿಸಬಹುದು. ಕಾನ್ಫಿಗರೇಶನ್ ಫೈಲಿನಲ್ಲಿ ಉತ್ತರ ಮಾತ್ರ ಇರುತ್ತದೆ, ಹಾಳೆಯಲ್ಲಿ ಕಾರಣವೂ ಇರುತ್ತದೆ. ಮೆಮೊರಿಯನ್ನು 8 ಜಿಬಿಗೆ ಏರಿಸಿದರೆ ಏನಾಗುತ್ತದೆ ಎಂಬುದನ್ನು ದುಡ್ಡು ಖರ್ಚು ಮಾಡುವ ಮೊದಲೇ ನೋಡಬಹುದು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಟ್ಟರೆ, ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದ ದಿನವೂ ಓದಬಹುದು. ಇದು ತಮಾಷೆಯ ಮಾತಲ್ಲ, ಮಲೆನಾಡಿನಲ್ಲಿ ಇದೂ ಒಂದು ಯೋಗ್ಯತೆಯೇ.

ದೋಷಗಳು ಕಾಣಿಸಿಕೊಳ್ಳುವುದು ಹಾಳೆಯನ್ನು ಹೊಸ ಕಾಲಕ್ಕೆ ತಿದ್ದಲು ಹೊರಟಾಗ. ಹೆಸರು ಬದಲಾಗುವುದು ಇವುಗಳಲ್ಲಿ ಸಣ್ಣದು. ಅಪಾಚೆ 2.4 ಬಂದದ್ದು 2012ರಲ್ಲಿ. ಅದರಲ್ಲಿ ಮ್ಯಾಕ್ಸ್‌ಕ್ಲೈಂಟ್ಸ್ ಎಂಬ ಸೆಟ್ಟಿಂಗಿಗೆ ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ ಎಂದು ಹೊಸ ಹೆಸರಿಟ್ಟರು, ಹಳೆಯ ಹೆಸರೂ ನಡೆಯುತ್ತದೆ. ಮೈಎಸ್‌ಕ್ಯುಎಲ್ ಅಷ್ಟು ದಾಕ್ಷಿಣ್ಯ ತೋರಿಸುವುದಿಲ್ಲ. ಹಳೆಯ ಹಾಳೆಗಳಲ್ಲಿ, ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಕ್ವೆರಿ ಕ್ಯಾಶ್‌ಗೆ ಒಂದು ಸಾಲು ಮೀಸಲಾಗಿರುತ್ತಿತ್ತು. 2018ರ 8.0 ಆವೃತ್ತಿಯಲ್ಲಿ ಆ ಸೌಲಭ್ಯವನ್ನೇ ಕಿತ್ತುಹಾಕಿದರು. ಹಾಳೆ ಬರೆದುಕೊಟ್ಟ ಆ ಸಾಲು ಫೈಲಿನಲ್ಲಿ ಉಳಿದಿದ್ದರೆ ಡೇಟಾಬೇಸ್ ಏಳುವುದೇ ಇಲ್ಲ. ಒಂದು ರೀತಿಯಲ್ಲಿ ಇದು ಒಳ್ಳೆಯ ತಪ್ಪು, ಕೂಡಲೇ ಕೂಗಿ ಹೇಳುತ್ತದೆ.

ಕೂಗದ ತಪ್ಪುಗಳು ಅಳತೆಯ ಮಾನದಲ್ಲಿವೆ. ಲಿನಕ್ಸಿನ ಟಿಸಿಪಿ ಸೆಟ್ಟಿಂಗುಗಳಲ್ಲಿ ಸ್ವೀಕಾರದ ಬಫರನ್ನು ಬೈಟ್‌ಗಳಲ್ಲಿ ಹೇಳಬೇಕು. ಒಟ್ಟು ಟಿಸಿಪಿ ಮೆಮೊರಿಯನ್ನು ಪೇಜ್‌ಗಳಲ್ಲಿ ಹೇಳಬೇಕು, ಸಾಮಾನ್ಯವಾಗಿ ಒಂದು ಪೇಜ್ ಎಂದರೆ 4,096 ಬೈಟ್. ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಮಾನ ಬರೆಯದೆ ಬಿಟ್ಟರೆ ಹಂಚಿಕೆಯ ಬಫರಿನ ಅಂಕಿ 8 ಕೆಬಿ ತುಂಡುಗಳ ಲೆಕ್ಕ, ವಿಂಗಡಣೆಯ ಮೆಮೊರಿಯದು ಕೆಬಿ ಲೆಕ್ಕ. ಈ ಮಾನಗಳನ್ನು ಬೆರೆಸಿದರೆ, ಮಳೆಯನ್ನು ಇಂಚು ಮತ್ತು ಸೆಂಟ್‌ನಲ್ಲಿ ಬರೆದಿಟ್ಟ ತೋಟದ ಪುಸ್ತಕಕ್ಕೆ ಹವಾಮಾನ ಇಲಾಖೆಯ ಮಿಲಿಮೀಟರ್ ಅಂಕಿಯನ್ನು ಹಾಗೇ ಸೇರಿಸಿದಂತಾಗುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್, ಬೈಟ್ ಮತ್ತು ಪೇಜ್ ಬೆರೆತರೆ ತಪ್ಪು 4,096 ಪಟ್ಟು.

ಸ್ಪ್ರೆಡ್‌ಶೀಟಿನ ಸ್ವಂತ ಚಾಳಿಯೂ ಒಂದಿದೆ: ಕೇಳದಿದ್ದರೂ ಅಂಕಿಯನ್ನು ತಿದ್ದುವುದು. ಲಿನಕ್ಸ್ ಕರ್ನಲ್ 5.4ರಿಂದ, ಎಂದರೆ 2019ರಿಂದ, ಸಂಪರ್ಕಗಳ ಸರದಿಯ ಡಿಫಾಲ್ಟ್ ಮಿತಿ 128ರಿಂದ 4,096ಕ್ಕೆ ಏರಿತು. ಆದ್ದರಿಂದ ಹಾಳೆ ತಿದ್ದುವವರು ಕರ್ನಲ್ ಆವೃತ್ತಿ 5.4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಂದು ಒಂದು ಷರತ್ತು ಸೇರಿಸುತ್ತಾರೆ. ಆವೃತ್ತಿಯ ಸೆಲ್ಲಿನಲ್ಲಿ 5.10 ಎಂದು ಬರೆದರೆ ಸ್ಪ್ರೆಡ್‌ಶೀಟ್ ಕೊನೆಯ ಸೊನ್ನೆಯನ್ನು ಬಿಟ್ಟು 5.1 ಮಾಡಿಕೊಳ್ಳುತ್ತದೆ. 5.4ಕ್ಕಿಂತ ಹೊಸದಾದ ಕರ್ನಲ್ ಹಾಳೆಯ ಕಣ್ಣಿಗೆ ಹಳೆಯದಾಗಿಬಿಡುತ್ತದೆ. ಇಂಥ ಮೌನದ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಬರದೆ ಉಳಿದವು. 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದ ಹಳೆಯ ಎಕ್ಸೆಲ್ ನಮೂನೆಯೇ ಅದಕ್ಕೆ ಕಾರಣವಾಗಿತ್ತು.

ಇಷ್ಟೆಲ್ಲ ತಪ್ಪಿದ್ದೂ ಹಳೆಯ ಹಾಳೆಗಳು ವರ್ಷಗಟ್ಟಲೆ ಹೇಗೆ ನಡೆದುಕೊಂಡು ಬಂದವು ಎಂಬುದೇ ಈ ರೂಢಿಯಲ್ಲಿ ವಿಚಾರಿಸಬೇಕಾದ ಮುಖ್ಯ ಸಂಗತಿ. ಉತ್ತರ ಮೇಲಿನ ಉದಾಹರಣೆಯಲ್ಲೇ ಅಡಗಿದೆ. 60 ಎಂಬಿ ಎಂಬ ಅಂಕಿಯನ್ನು ಪಿಎಸ್ ಎಂಬ ಸಲಕರಣೆಯ ಆರ್‌ಎಸ್‌ಎಸ್ ಕಾಲಂ ನೋಡಿ ಬರೆದದ್ದು. ಅಪಾಚೆಯ ಪ್ರೊಸೆಸ್‌ಗಳು ಹಲವು ಮೆಮೊರಿ ಪೇಜ್‌ಗಳನ್ನು ತಮ್ಮತಮ್ಮೊಳಗೆ ಹಂಚಿಕೊಂಡು ಬಳಸುತ್ತವೆ, ಆರ್‌ಎಸ್‌ಎಸ್ ಆ ಪಾಲನ್ನು ಪ್ರತಿಯೊಂದರ ತಲೆಗೂ ಪೂರ್ತಿ ಕಟ್ಟುತ್ತದೆ. ಪಾಲನ್ನು ಹಂಚಿ ಲೆಕ್ಕ ಮಾಡುವ ಪಿಎಸ್‌ಎಸ್ ಅಳತೆಯಲ್ಲಿ ಅದೇ ಪ್ರೊಸೆಸ್ 40 ಎಂಬಿಗೆ ಇಳಿಯಿತು ಎಂದುಕೊಳ್ಳಬಹುದು. ಹಾಗಾದರೆ ಹಾಳೆ ಪ್ರೊಸೆಸ್‌ಗಳ ಹಸಿವನ್ನು ಹೆಚ್ಚಾಗಿ ಅಂದಾಜು ಮಾಡಿತ್ತು.

ಇನ್ನೊಂದು ಕಡೆ ಅದೇ ಹಾಳೆ ಡೇಟಾಬೇಸಿನ ಹಸಿವನ್ನು ಕಡಿಮೆ ಅಂದಾಜು ಮಾಡಿತ್ತು. ಮೈಎಸ್‌ಕ್ಯುಎಲ್ 8.0ರಲ್ಲಿ ದತ್ತಾಂಶವನ್ನು ಮೆಮೊರಿಯಲ್ಲಿಡುವ ಇನ್ನೋಡಿಬಿ ಬಫರ್ ಪೂಲ್ 1 ಜಿಬಿ ಮುಟ್ಟಿದರೆ ಡಿಫಾಲ್ಟ್ ಆಗಿ 8 ಭಾಗಗಳಾಗುತ್ತದೆ, ತುಂಡಿನ ಗಾತ್ರ 128 ಎಂಬಿ. ಎರಡನ್ನೂ ಗುಣಿಸಿದರೆ 1,024 ಎಂಬಿ. ಕೊಟ್ಟ ಅಂಕಿ ಇದರ ಅಪವರ್ತ್ಯವಲ್ಲದಿದ್ದರೆ ಮೈಎಸ್‌ಕ್ಯುಎಲ್ ಅದನ್ನು ಮುಂದಿನ ಅಪವರ್ತ್ಯಕ್ಕೆ ಏರಿಸಿಕೊಳ್ಳುತ್ತದೆ. 1,200 ಎಂದು ಬರೆದರೆ ಅದು ಎತ್ತಿಟ್ಟುಕೊಳ್ಳುವುದು 2,048. ದತ್ತಾಂಶ ಬೆಳೆಯುತ್ತ ಹೋದಂತೆ ಮಾತ್ರ ಆ ಜಾಗ ತುಂಬುವುದರಿಂದ ಮೊದಮೊದಲು ಯಾರಿಗೂ ಗೊತ್ತಾಗುವುದಿಲ್ಲ.

ಈಗ ಎರಡನ್ನೂ ಸರಿಪಡಿಸಿ ಲೆಕ್ಕ ಹಾಕಿದರೆ, 4,096ರಲ್ಲಿ 500 ಮತ್ತು 2,048 ಕಳೆದು ಉಳಿಯುವ 1,548ನ್ನು 40ರಿಂದ ಭಾಗಿಸಿದಾಗ 38 ಬರುತ್ತದೆ. ಎರಡು ತಪ್ಪು ಹೊತ್ತ ಹಳೆಯ ಹಾಳೆ ಹೇಳಿದ್ದು 39! ಒಂದು ತಪ್ಪು ಇನ್ನೊಂದಕ್ಕೆ ಊರುಗೋಲಾಗಿ ನಿಂತಿತ್ತು. ಅರ್ಧ ಓದಿಕೊಂಡವರು ಬಂದು ಆರ್‌ಎಸ್‌ಎಸ್ ತಪ್ಪೆಂದು ಕಂಡುಹಿಡಿದು ಅದನ್ನಷ್ಟೇ ತಿದ್ದಿದರೆ 2,396ನ್ನು 40ರಿಂದ ಭಾಗಿಸಿ 59 ಎಂಬ ಉತ್ತರ ಬರುತ್ತದೆ. ಸರ್ವರ್ ತಡೆಯಬಲ್ಲದ್ದಕ್ಕಿಂತ 21 ಪ್ರೊಸೆಸ್ ಹೆಚ್ಚು. ತಿದ್ದುಪಡಿ ನಿಜವಾದದ್ದೇ, ಪರಿಣಾಮ ಮಾತ್ರ ಹಿಂದಿನದಕ್ಕಿಂತ ಕೆಟ್ಟದ್ದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನಡೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸವೆದ ಡಿಸ್ಕಿಗೆ ತಕ್ಕಂತೆ ಗ್ಯಾಪ್ ಬಿಗಿ ಮಾಡಿಟ್ಟಿರುತ್ತಾರೆ. ಹೊಸ ಡಿಸ್ಕ್ ಹಾಕಿ ಗ್ಯಾಪ್ ಹಾಗೇ ಬಿಟ್ಟರೆ ಹಣ್ಣಿನ ಸಿಪ್ಪೆಯ ಜೊತೆ ಬೀಜವೂ ಕತ್ತರಿಸಿಕೊಂಡು ಬರುತ್ತದೆ. ಹೊಸ ಡಿಸ್ಕಿನ ತಪ್ಪೇನೂ ಅಲ್ಲಿಲ್ಲ.

ಹಾಳೆಗಳ ಇನ್ನೊಂದು ಕೊರತೆ ಊರಿಗೆ ಸಂಬಂಧಿಸಿದ್ದು, ಬೆಂಗಳೂರಿನಲ್ಲಿ ಕೂತು ಮಾಡಿದ ಹಾಳೆಗಳಲ್ಲಿ ಅದು ಎದ್ದು ಕಾಣುತ್ತದೆ. ಏಕಕಾಲಕ್ಕೆ ಬೇಕಾಗುವ ಪ್ರೊಸೆಸ್‌ಗಳು ಎಷ್ಟು ಎಂಬುದಕ್ಕೆ ಸರಳ ಸೂತ್ರವಿದೆ: ಸೆಕೆಂಡಿಗೆ ಎಷ್ಟು ಬರುತ್ತವೆ, ಒಂದೊಂದು ಎಷ್ಟು ಹೊತ್ತು ಇರುತ್ತದೆ, ಎರಡರ ಗುಣಲಬ್ಧ. ಜಾನ್ ಲಿಟ್ಲ್ 1961ರಲ್ಲಿ ಇದಕ್ಕೆ ಗಣಿತದ ಸಾಧನೆ ಒದಗಿಸಿದರು. ಹೆಚ್ಚಿನ ಹಾಳೆಗಳಲ್ಲಿ ಮೊದಲ ಅಂಕಿಗೆ ಕಾಲಂ ಇರುತ್ತದೆ, ಎರಡನೆಯದು ಫಾರ್ಮುಲಾದೊಳಗೇ ಹೂತುಹೋಗಿರುತ್ತದೆ, ಅದೂ ಒಳ್ಳೆಯ ಫೈಬರ್ ಸಂಪರ್ಕದಲ್ಲಿ ಅಳೆದದ್ದು.

ಕೊಯ್ಲಿನ ಕಾಲದಲ್ಲಿ ಹಣ್ಣಿನ ತೂಕ ನಡೆಯುವುದು ಸಂಜೆ. ಎಲ್ಲ ತೋಟಗಳಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೂಕದ ಚೀಟಿಯ ಫೋಟೊ ಮೊಬೈಲಿನಿಂದ ಮೇಲೇರುತ್ತದೆ. ಒಂದು ಫೋಟೊ 1 ಎಂಬಿ, ಸೆಕೆಂಡಿಗೆ ಎರಡು ಬರುತ್ತವೆ ಎಂದರೆ, ಚಿಕ್ಕಮಗಳೂರು ಪೇಟೆಯಲ್ಲಿ 2 ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ 4 ಪ್ರೊಸೆಸ್ ಸಾಕು. ಕಳಸದ ಆಚೆಯ ಕಣಿವೆಯಲ್ಲಿ ಸಿಗ್ನಲ್ 400 ಕೆಬಿಪಿಎಸ್‌ಗೆ ಇಳಿದರೆ ಅದೇ ಫೋಟೊಗೆ 20 ಸೆಕೆಂಡು ಬೇಕು. ಪ್ರೀಫೋರ್ಕ್ ಅಪಾಚೆಯ ಒಂದು ಪ್ರೊಸೆಸ್ ಆ 20 ಸೆಕೆಂಡೂ ಕೈಚಾಚಿಕೊಂಡು ಕಾಯುತ್ತದೆ. ಬೇಕಾದದ್ದು 40 ಪ್ರೊಸೆಸ್, ಮೆಮೊರಿ ಬಿಡುವುದು 38. ಸರ್ವರಿನಲ್ಲಿ ಸಿಪಿಯು ಖಾಲಿ ಕೂತಿರುತ್ತದೆ, ಬಳಕೆದಾರರ ಕಡೆ ಚಕ್ರ ತಿರುಗುತ್ತಲೇ ಇರುತ್ತದೆ.

ಇದಕ್ಕೆ ಹಾಳೆಯ ಯಾವ ಅಂಕಿಯನ್ನು ಎಷ್ಟು ತಿದ್ದಿದರೂ ಪರಿಹಾರವಿಲ್ಲ. ಅಪಾಚೆಯ ಮುಂದೆ ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರನ್ನು ಕೂರಿಸಿದರೆ ಅದು ನಿಧಾನದ ಫೋಟೊಗಳನ್ನು ತಾನೇ ಪೂರ್ತಿ ತೆಗೆದುಕೊಂಡು ಆಮೇಲೆ ಒಮ್ಮೆಗೇ ಹಿಂದಕ್ಕೆ ದಾಟಿಸುತ್ತದೆ. ಅದು ಒಂದೇ ಪ್ರೊಸೆಸ್‌ನಲ್ಲಿ ನೂರಾರು ಸಂಪರ್ಕಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ಫೋಟೊವನ್ನು ಮೊಬೈಲಿನಲ್ಲೇ ಕುಗ್ಗಿಸಿ ಕಳಿಸುವುದು ಇನ್ನೂ ಅಗ್ಗದ ದಾರಿ. ಒಳ್ಳೆಯ ಹಾಳೆಯ ಲಕ್ಷಣವೆಂದರೆ ಈ ಸಂದರ್ಭದಲ್ಲಿ ಯಾವುದೋ ಅಂಕಿ ಕೊಟ್ಟು ಸುಮ್ಮನಾಗದೆ, ಬೇಡಿಕೆ ಮೆಮೊರಿಯನ್ನು ಮೀರಿದೆ ಎಂದು ಕೆಂಪು ಬಣ್ಣದಲ್ಲಿ ತೋರಿಸುವುದು. ಹಾಗೆ ತೋರಿಸುವ ಹಾಳೆಗಳು ವಿರಳ. ಇದು ಈ ರೂಢಿಯ ಮೇಲಿನ ಅತಿ ಗಂಭೀರ ಆಕ್ಷೇಪ.

ಆದ್ದರಿಂದ ಹಾಳೆ ತಿದ್ದುವ ಕ್ರಮ ಹೀಗಿರುವುದು ಮೇಲು. ಫಾರ್ಮುಲಾ ಮುಟ್ಟುವ ಮೊದಲು ಹಾಳೆ ಹೇಳಿದ ಅಂಕಿಯನ್ನೂ ಓಡುತ್ತಿರುವ ಸರ್ವರ್ ನಿಜವಾಗಿ ಹಿಡಿದಿರುವ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಬಫರ್ ಪೂಲಿನ 2,048 ಅಲ್ಲಿಯೇ ಸಿಕ್ಕಿಬೀಳುತ್ತದೆ. ಪ್ರತಿ ಅಳತೆಯ ಪಕ್ಕ ಮಾನ, ತಾರೀಕು, ಆವೃತ್ತಿ ಇರಬೇಕು, ಆವೃತ್ತಿಯ ಸೆಲ್ ಅಂಕಿಯಾಗಿರದೆ ಪಠ್ಯವಾಗಿರಬೇಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿಂದ ಬಂದ ಮಣ್ಣು ಪರೀಕ್ಷೆಯ ವರದಿಯಲ್ಲಿ ತಾರೀಕು ಇಲ್ಲದಿದ್ದರೆ ಯಾವ ತೋಟದವರೂ ಅದನ್ನು ನಂಬಿ ಸುಣ್ಣ ಹಾಕುವುದಿಲ್ಲ. ಸರ್ವರ್ ಹಾಳೆಯಲ್ಲಿ ತಾರೀಕಿನ ಕಾಲಮ್ಮೇ ಇಲ್ಲದಿರುವುದು ಮಾತ್ರ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಸ್ಪ್ರೆಡ್‌ಶೀಟ್ ಬಿಟ್ಟು ಬೇರೆ ದಾರಿಗಳೂ ಇವೆ. ಮೈಎಸ್‌ಕ್ಯುಎಲ್‌ಟ್ಯೂನರ್ ಎಂಬ ಸ್ಕ್ರಿಪ್ಟ್ ಓಡುತ್ತಿರುವ ಡೇಟಾಬೇಸನ್ನೇ ಕೇಳಿ ಸಲಹೆ ಕೊಡುತ್ತದೆ. ಡೇಟಾಬೇಸಿಗೇ ಮೀಸಲಾದ ಯಂತ್ರವಿದ್ದರೆ ಮೈಎಸ್‌ಕ್ಯುಎಲ್ 8.0 ತನ್ನ ಬಫರ್ ಪೂಲನ್ನು ತಾನೇ ನಿರ್ಧರಿಸಿಕೊಳ್ಳುವ ಸೆಟ್ಟಿಂಗ್ ಕೂಡ ಇದೆ. ಆದರೆ ಮೇಲಿನ ಉದಾಹರಣೆಯಂತೆ ಒಂದೇ ಯಂತ್ರದಲ್ಲಿ ಎಲ್ಲವನ್ನೂ ತುಂಬಿದ ಕಡೆ ಆ ಸೆಟ್ಟಿಂಗ್ ಕೆಲಸಕ್ಕೆ ಬಾರದು. ಸಣ್ಣ ಕಚೇರಿಗಳ ಸರ್ವರ್‌ಗಳು ಹೆಚ್ಚಾಗಿ ಹಾಗೆಯೇ ಇರುವುದು, ಅಲ್ಲಿ ಹಾಳೆಗೆ ಇನ್ನೂ ಜಾಗವಿದೆ. ಅದು ಮಾಡಬೇಕಾದದ್ದು ಊಹೆಯನ್ನು ಬರೆದಿಡುವ ಕೆಲಸ, ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಫಾರ್ಮುಲಾ ಎಷ್ಟೇ ಚೆಂದವಿದ್ದರೂ ಜುಲೈ ತಿಂಗಳ ಬಿಡುವಿನಲ್ಲಿ ಅಳೆದ ಅಂಕಿ ತುಂಬಿದ ಹಾಳೆ ಕೊಯ್ಲಿನ ಸಂಜೆಗೆ ಉತ್ತರವಾಗುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ. ಹಿಂದಿನ ಕೊಯ್ಲಿನ ಸಂಜೆಗಳ ಲಾಗ್ ತೆಗೆದಿಟ್ಟುಕೊಂಡವರು ಅಕ್ಟೋಬರ್ ಮುಗಿಯುವುದರೊಳಗೆ ಹಾಳೆ ತಿದ್ದಿ ಮುಗಿಸಬಹುದು.