ಹ್ಯಾರಿಸನ್ ಐನ್ಸ್‌ವರ್ತನ ಕಾದಂಬರಿಗಳಲ್ಲಿ ಭಯಾನಕ ಮತ್ತು ಇತಿಹಾಸ

ಸರ್ ವಾಲ್ಟರ್ ಸ್ಕಾಟನ ತರುವಾಯ ಇಂಗ್ಲೆಂಡಿನಲ್ಲಿ ಐತಿಹಾಸಿಕ ಕಾದಂಬರಿಯನ್ನು ಕೈಕೊಂಡವರಲ್ಲಿ ವಿಲಿಯಂ ಹ್ಯಾರಿಸನ್ ಐನ್ಸ್‌ವರ್ತನಷ್ಟು (1805–1882) ಜನಪ್ರಿಯರಾಗಿದ್ದು, ಅನಂತರ ಅವನಷ್ಟು ಮರೆಯಾದವರು ವಿರಳ. ಮ್ಯಾಂಚೆಸ್ಟರಿನ ವಕೀಲನೊಬ್ಬನ ಮಗನಾದ ಈತನು ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋಗಿ ಸಾಹಿತ್ಯಕ್ಕೆ ಒಲಿದನು. ಪಾಳುಮಹಲು, ನೆಲಮಾಳಿಗೆಯ ಸಮಾಧಿ, ಮನೆತನಕ್ಕೆ ತಗುಲಿದ ಶಾಪ ಮೊದಲಾದುವು ‘ಗಾಥಿಕ್’ ಎನಿಸಿಕೊಂಡ ಭಯಾನಕ ಕಥಾಸಂಪ್ರದಾಯದ ಸಾಮಗ್ರಿ. ಆನ್ ರಾಡ್‌ಕ್ಲಿಫಳು ಇಟಲಿಯ ಹಿನ್ನೆಲೆಯಲ್ಲಿ ಚಿತ್ರಿಸಿದ ಇವನ್ನು ‘ರುಕ್‌ವುಡ್’ (1834) ಕಾದಂಬರಿಯಲ್ಲಿ ಇಂಗ್ಲೆಂಡಿನ ನೆಲಕ್ಕೆ ತಂದು, ಐನ್ಸ್‌ವರ್ತನು ಹಠಾತ್ತನೆ ಪ್ರಸಿದ್ಧನಾದನು.

ಅವನ ಶಕ್ತಿಯೂ ಅಪಾಯವೂ ಆ ಕೃತಿಯಲ್ಲಿಯೇ ತೋರಿಬರುತ್ತವೆ. ದರೋಡೆಗಾರ ಡಿಕ್ ಟರ್ಪಿನನು ಲಂಡನ್ನಿನಿಂದ ಯಾರ್ಕಿಗೆ ಒಂದೇ ಓಟದಲ್ಲಿ ಕುದುರೆಯನ್ನು ಓಡಿಸುವ ಪ್ರಸಂಗ ಅದರಲ್ಲಿದೆ. 1739ರಲ್ಲಿ ಯಾರ್ಕಿನಲ್ಲಿ ಗಲ್ಲಿಗೇರಿದ ನಿಜವಾದ ಟರ್ಪಿನನು ಇಂಥ ಸವಾರಿ ಮಾಡಿದನೆಂಬುದಕ್ಕೆ ಆಧಾರವಿಲ್ಲ; ಅದು ಮೊದಲು ನೆವಿಸನ್ ಎಂಬ ಬೇರೊಬ್ಬ ದರೋಡೆಗಾರನಿಗೆ ಸಂಬಂಧಿಸಿದ ಐತಿಹ್ಯ. ಆದರೂ ಜನರ ನೆನಪಿನಲ್ಲಿ ಉಳಿದವನು ಕಾದಂಬರಿಯ ಟರ್ಪಿನನೇ. ಇದಕ್ಕೆ ಪ್ರತಿಯಾಗಿ, ಲೇಡಿ ಜೇನ್ ಗ್ರೇಯ ದುರಂತವನ್ನು ನಿರೂಪಿಸುವ ‘ದಿ ಟವರ್ ಆಫ್ ಲಂಡನ್’ (1840) ಕೃತಿಯಲ್ಲಿ ಕೋಟೆಯೇ ನಾಯಕ. ಕ್ರೂಕ್‌ಶ್ಯಾಂಕನ ಚಿತ್ರಗಳೊಡನೆ ಅದರ ಒಂದೊಂದು ಗೋಪುರವೂ ಓದುಗನ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಭಯವು ಸ್ಥಳದಿಂದಲೇ ಹುಟ್ಟುವುದರಿಂದ ಕಲ್ಪನೆಗೂ ಇತಿಹಾಸಕ್ಕೂ ವಿರೋಧವಿಲ್ಲ.

ನಿಜವಾದ ಪ್ರಶ್ನೆ ಏಳುವುದು ‘ದಿ ಲ್ಯಾಂಕಷೈರ್ ವಿಚಸ್’ (1849) ಕಾದಂಬರಿಯಲ್ಲಿ. 1612ರಲ್ಲಿ ಮಾಟದ ಆಪಾದನೆಯ ಮೇಲೆ ಲ್ಯಾಂಕಾಸ್ಟರಿನಲ್ಲಿ 10 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅದರ ಮುಖ್ಯ ಆಕರ ನ್ಯಾಯಾಲಯದ ಗುಮಾಸ್ತ ಥಾಮಸ್ ಪಾಟ್ಸನು 1613ರಲ್ಲಿ ಪ್ರಕಟಿಸಿದ ವರದಿ. ಐನ್ಸ್‌ವರ್ತನ ಮಿತ್ರ ಕ್ರಾಸ್ಲಿಯು ಅದನ್ನು 1845ರಲ್ಲಿ ಸಂಪಾದಿಸಿದ್ದನು. ಸುಮಾರು 9 ವರ್ಷದ ಬಾಲಿಕೆ ಜೆನೆಟಳು ಹೆತ್ತ ತಾಯಿಯ ವಿರುದ್ಧವೇ ಸಾಕ್ಷ್ಯ ನುಡಿದಳೆಂಬುದನ್ನು ಅದರಲ್ಲಿ ಓದಿದವರಿಗೆ ಭಯಾನಕವನ್ನು ಬೇರೆ ಕಲ್ಪಿಸಬೇಕಾದ ಅಗತ್ಯವೇ ಕಾಣದು. ಐನ್ಸ್‌ವರ್ತನಾದರೋ ಮಾಟವನ್ನೇ ನಿಜವೆಂದು ಚಿತ್ರಿಸಿದನು. ನ್ಯಾಯಾಲಯದಲ್ಲಿ ತಾನು ನಿರಪರಾಧಿಯೆಂದ ಆಲಿಸ್ ನಟರಳು ಕಾದಂಬರಿಯಲ್ಲಿ ಪಶ್ಚಾತ್ತಾಪಪಡುವ ಮಾಟಗಾತಿಯಾಗಿದ್ದಾಳೆ. ಗುಮಾಸ್ತ ಪಾಟ್ಸನನ್ನು ಹಾಸ್ಯಾಸ್ಪದ ಪಾತ್ರವಾಗಿಸಿದ ಲೇಖಕನೇ ಪಾಟ್ಸನು ಸಮರ್ಥಿಸಿದ ತೀರ್ಪನ್ನು ಎತ್ತಿಹಿಡಿದಂತಾಯಿತು.

ಕಾದಂಬರಿಕಾರನಿಗೆ ಕಲ್ಪಿಸುವ ಸ್ವಾತಂತ್ರ್ಯವುಂಟು. ಅದನ್ನು ಇತಿಹಾಸದ ವಿದ್ಯಾರ್ಥಿ ಪ್ರಶ್ನಿಸಬೇಕಾಗಿಲ್ಲ. ಟರ್ಪಿನನ ಸವಾರಿಯಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಆದರೆ ಉತ್ತರ ಹೇಳಲಾರದ ಮೃತರ ಮೇಲಿನ ಆಪಾದನೆಯನ್ನು ರಸಪೋಷಣೆಗಾಗಿ ಸತ್ಯವಾಗಿಸುವುದು ಬೇರೆಯೇ ಮಾತು. ಸುಮಾರು 40 ಕಾದಂಬರಿಗಳನ್ನು ಬರೆದ ಐನ್ಸ್‌ವರ್ತನನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ಆದರೆ ಪಾಟ್ಸನ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು.