ಬೇಲಿಗೆ ಬಂದು ನಿಲ್ಲುವ ಬೀದಿಗಳು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ವಾಹನ ಸಿಕ್ಕಿಕೊಂಡರೆ ಊರು ಬಲ್ಲವರು ಅಲ್ಲೇ ನಿಲ್ಲುವುದಿಲ್ಲ. ಪಕ್ಕದ ಅಡ್ಡರಸ್ತೆಗೆ ಹೊರಳಿ ಐ.ಜಿ. ರಸ್ತೆಗೆ ಬಂದುಬಿಡುತ್ತಾರೆ. ಹಳೆಯ ಪೇಟೆಯ ಬೀದಿಗಳು ಕಿರಿದು, ಆದರೆ ದಾರಿಗಳು ಹಲವು.

ಊರ ಅಂಚಿನ ಹೊಸ ಬಡಾವಣೆಗಳು ಈ ಗುಣವನ್ನು ಕೈಬಿಟ್ಟಿವೆ. 2001ರಲ್ಲಿ ಒಂದು ಲಕ್ಷದ ಆಸುಪಾಸಿನಲ್ಲಿದ್ದ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 1,18,401ಕ್ಕೆ ಏರಿತು; ಆಮೇಲೂ ಊರು ಹರಡುತ್ತಲೇ ಇದೆ. ಹರಡುವ ರೀತಿಯಲ್ಲೇ ದೋಷವಿದೆ. ಒಬ್ಬರ ಜಮೀನು ಭೂಪರಿವರ್ತನೆಯಾಗಿ ಸೈಟುಗಳಾಗುತ್ತದೆ. ನಕ್ಷೆಯೊಳಗೆ ರಸ್ತೆಯ ಅಗಲ, ಪಾರ್ಕು, ಚರಂಡಿ ಎಲ್ಲವೂ ನಿಯಮದಂತೆ ಇರಬಹುದು. ರಸ್ತೆ ಮಾತ್ರ ಸರ್ವೆ ನಂಬರಿನ ಗಡಿಯವರೆಗೆ ಬಂದು ತಂತಿಬೇಲಿಯ ಮುಂದೆ ನಿಂತುಬಿಡುತ್ತದೆ. ಆಚೆ ಬದಿಯಲ್ಲಿ ಇನ್ನೊಂದು ಬಡಾವಣೆಯ ರಸ್ತೆಯೂ ಹಾಗೆಯೇ ನಿಂತಿರುತ್ತದೆ. ಹಿತ್ತಿಲಿಗೆ ಹಿತ್ತಿಲು ತಾಗಿದ ಮನೆಗೆ ಹೋಗಲು ಮುಖ್ಯರಸ್ತೆ ಸುತ್ತಿ ಬರಬೇಕು. ಇಂಥ ಕಡೆ ಬೇಲಿಯ ಕೆಳತಂತಿ ಬಗ್ಗಿ, ಮಣ್ಣು ಸವೆದು, ಮಕ್ಕಳು ನುಸುಳುವಷ್ಟು ಕಿಂಡಿ ಬಿದ್ದಿರುತ್ತದೆ. ದಾರಿ ಎಲ್ಲಿ ಬೇಕಿತ್ತೆಂದು ತೋರಿಸಲು ಅಷ್ಟು ಸಾಕು.

ಬ್ಯಾರಿಂಗ್ಟನ್-ಲೀ ಮತ್ತು ಮಿಲರ್ಡ್-ಬಾಲ್ ಎಂಬ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಬೀದಿಗಳನ್ನೇ ಅಳೆಯಿತು. ನಾಲ್ಕು ದಾರಿ ಕೂಡುವ ವೃತ್ತಗಳು ಎಷ್ಟು, ಮುಂದೆ ದಾರಿಯಿಲ್ಲದ ತುದಿಗಳು ಎಷ್ಟು ಎಂಬಂಥ ಅಳತೆಗಳು ಅವರ ಲೆಕ್ಕದಲ್ಲಿದ್ದವು. ಹೊಸ ಬೀದಿಗಳ ನಡುವಿನ ಕೊಂಡಿ ಜಗತ್ತಿನ ಬಹುಭಾಗದಲ್ಲಿ ಸಡಿಲವಾಗುತ್ತಿದೆ. ಅಮೆರಿಕದಲ್ಲಿ ಈ ಚಾಳಿ 1994ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗಿತು. ನಮ್ಮಲ್ಲಿ ಇನ್ನೂ ಅದಕ್ಕೆ ಅನುಮೋದನೆಯ ಮುದ್ರೆ ಬೀಳುತ್ತಿದೆ.

ಮಲೆನಾಡಿನಲ್ಲಿ ಚೌಕಾಕಾರದ ಬೀದಿ ಎಲ್ಲಿ ಸಾಧ್ಯ ಎನ್ನುವವರಿದ್ದಾರೆ. ಮೂಡಿಗೆರೆ, ಕಳಸದ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದೇ. ಭದ್ರೆಯ ಬದಿಯ ಕಳಸದಲ್ಲಿ ಬೀದಿ ಗುಡ್ಡದ ಮೈ ಹಿಡಿದೇ ಸಾಗಬೇಕು. ಕಾಫಿ ತೋಟದ ದಾರಿಯದ್ದು ಬೇರೆಯದೇ ಕಥೆ. ಗೇಟಿನಿಂದ ಹೊರಟು ಕಾರ್ಮಿಕರ ಲೈನುಮನೆ, ಕಣ, ಬಂಗಲೆಗೆ ಮುಗಿಯುವ ದಾರಿ ಅದು. ಕಾಫಿ ಮೂಟೆ ಹೊರಗೆ ಸಾಗಿಸಲು ಒಂದು ಬಾಯಿ ಸಾಕಿತ್ತು. ಭೂಸುಧಾರಣಾ ಕಾಯ್ದೆಯ ಹಿಡುವಳಿ ಮಿತಿಯಿಂದ ಪ್ಲಾಂಟೇಶನ್‌ಗಳಿಗೆ ವಿನಾಯಿತಿ ಇದ್ದುದರಿಂದ ದೊಡ್ಡ ತೋಟಗಳು ಇಡಿಯಾಗಿಯೇ ಉಳಿದವು, ಒಳದಾರಿಗಳು ಖಾಸಗಿಯಾಗಿಯೇ ಉಳಿದವು. ಈಗ ತೋಟದ ಅಂಚು ಹೋಂಸ್ಟೇಯೋ ಸೈಟೋ ಆದಾಗ ಅದೇ ಒಂಟಿ ದಾರಿ ಊರಿನ ಬೀದಿಯಾಗುತ್ತಿದೆ. ಇದು ತಪ್ಪು, ಅಪಾಯವೂ ಹೌದು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಬಂದ್ ಆದಾಗ ಒಂದೇ ದಾರಿ ನೆಚ್ಚಿಕೊಳ್ಳುವುದರ ಕಷ್ಟ ಮೂಡಿಗೆರೆ ತಾಲ್ಲೂಕಿಗೆ ಚೆನ್ನಾಗಿ ತಿಳಿಯಿತು.

ಚಿಕ್ಕಮಗಳೂರು ನಗರ ಬೆಳೆಯುತ್ತಿರುವ ಬಹುಪಾಲು ನೆಲಕ್ಕೆ ಗುಡ್ಡದ ನೆಪವಿಲ್ಲ. ಪಕ್ಕದ ಜಮೀನಿಗೆ ರಸ್ತೆ ಬಿಡದ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದನೆ ಕೊಡಬಾರದು. ನಡೆದು ಹೋಗುವವರಿಗೆ ಆರಡಿ ಓಣಿಯನ್ನಾದರೂ ಕಡ್ಡಾಯ ಮಾಡಬೇಕು. ಮನೆಗಳು ಎದ್ದ ಮೇಲೆ ಗೋಡೆ ಒಡೆಸಿ ದಾರಿ ಮಾಡಿಸುವುದು ಯಾರಿಂದಲೂ ಆಗದು. ಸೈಟು ನೋಡಲು ಹೋದವರು ಖಾತೆ, ನೀರಿನ ಜೊತೆಗೆ ಇನ್ನೊಂದನ್ನೂ ಕೇಳಲಿ: ಈ ರಸ್ತೆಯ ಆ ತುದಿ ಎಲ್ಲಿಗೆ ಹೋಗುತ್ತದೆ?