ಹಬ್ಬ ಹೊತ್ತ ಹಡಗು, ಹಬ್ಬ ನೋಡುವ ಹಡಗು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು - ಈ ನಾಲ್ಕು ತಾಲೂಕುಗಳಿಗೂ ಸಮುದ್ರವಿಲ್ಲ. ಹೊನ್ನಾಳಿಗೆ ತುಂಗಭದ್ರೆ ಇದೆ, ಚನ್ನಗಿರಿಗೆ ಸೂಳೆಕೆರೆ ಇದೆ. ಜಗಳೂರಂತೂ ಬಹುಕಾಲದಿಂದ ಬರಕ್ಕೆ ಹೆಸರಾದ ಸೀಮೆ. ಹೊನ್ನಾಳಿ ಕಡೆಯ ಮದುವೆ ಮನೆಯೊಂದರಲ್ಲಿ ಇತ್ತೀಚೆಗೆ ಹಡಗಿನ ಮಾತು ಬಂತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ ಗೆಳೆಯರ ಜೊತೆ ಮುಂಬೈಯಿಂದ ಹಡಗು ಹತ್ತಿ ಗೋವಾದ ಕಾರ್ನಿವಲ್ ನೋಡಿ ಬಂದಿದ್ದ. ಹಡಗಿನೊಳಗಿನ ಈಜುಕೊಳ, ಊಟದ ಸಾಲು, ಬಂದರಿನ ಬೆಳಕು, ಮೆರವಣಿಗೆ ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸುತ್ತಿದ್ದ. ನೆರೆಮನೆಯ ಅಜ್ಜಿ ಎಲ್ಲ ನೋಡಿ ಕೇಳಿದರು: "ಹಬ್ಬದಾಗ ನೀನೇನು ಮಾಡ್ದೆಪ್ಪಾ?" "ನೋಡ್ದೆ ಅಜ್ಜಿ." "ಬರೇ ನೋಡಾಕ ಅಷ್ಟು ದೂರ ಹೋಗಿದ್ದೇನು?"

ಎಲ್ಲರೂ ನಕ್ಕರು. ಆದರೆ ಹಬ್ಬವೆಂದರೆ ನೋಡುವುದೋ, ಮಾಡುವುದೋ ಎಂಬ ಆ ಅಜ್ಜಿಯ ಪ್ರಶ್ನೆ ನಮ್ಮ ಕಾಲದ ಸಂಸ್ಕೃತಿ ವಿಮರ್ಶೆಯ ಮುಖ್ಯ ಪ್ರಶ್ನೆಗಳಲ್ಲೊಂದು.

ಕಾರ್ನಿವಲ್ ಎಂಬುದು ಕ್ರೈಸ್ತರ ನಲವತ್ತು ದಿನಗಳ ಉಪವಾಸಕಾಲಕ್ಕೆ ಮುಂಚಿನ ಹಬ್ಬ. ಗೋವಾದ ಕೊಂಕಣಿಯಲ್ಲಿ ಅದು 'ಇಂತ್ರೂಜ್'. ಹಳ್ಳಿಗಳಲ್ಲಿ ಒಬ್ಬರ ಮೇಲೊಬ್ಬರು ಹಿಟ್ಟು, ಬಣ್ಣ ಎರಚಿ ಆಡುತ್ತಿದ್ದ ಹಬ್ಬ. 'ಖೇಳ್' ತಂಡಗಳು ಊರೂರು ತಿರುಗಿ ಆಟ ಆಡಿ ನಗಿಸುವ ಹಬ್ಬ. ಗೋವಾ ಕದಂಬರ ರಾಜಧಾನಿಯಾಗಿದ್ದ ಚಂದ್ರಾಪುರ, ಅಂದರೆ ಇಂದಿನ ಚಾಂದೋರಿನಲ್ಲಿ ಈ ದಿನಗಳಲ್ಲಿ ಒನಕೆ ಹಿಡಿದು ಕುಣಿಯುವ 'ಮುಸೊಳ್ ಖೇಳ್' ಈಗಲೂ ನಡೆಯುತ್ತದೆ. ಆದರೆ ಹಡಗಿನವರು ಕಾಣುವುದು ಇದನ್ನಲ್ಲ. ಪೋರ್ಚುಗೀಸರು 1961ರಲ್ಲಿ ಹೊರಟುಹೋದ ಮೇಲೆ 1965ರಿಂದ ಪಣಜಿಯಲ್ಲಿ ಶುರುವಾದ ಮೆರವಣಿಗೆಯೇ ಈಗ ಲೋಕಪ್ರಸಿದ್ಧ. ಪ್ರವಾಸೋದ್ಯಮ ಇಲಾಖೆಯ ಬೆಂಬಲ, ಅಲಂಕೃತ ವಾಹನಗಳು, ಜಾಹೀರಾತು, ಮುಂದೆ ಕಿರೀಟ ಧರಿಸಿದ 'ಮೊಮೊ' ರಾಜ. ಊರವರು ರಸ್ತೆಯ ಎರಡೂ ಬದಿಗೆ ನಿಂತಿದ್ದಾರೆ, ಹಬ್ಬ ನಡುವೆ ಸಾಗಿ ಹೋಗುತ್ತಿದೆ.

ನಮ್ಮ ರಾಜ್ಯದ್ದೇ ಬಂದರಿಗೆ ಬನ್ನಿ. ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಇಳಿಯುವವರನ್ನು ಯಕ್ಷಗಾನದ ವೇಷಧಾರಿಗಳು ಸ್ವಾಗತಿಸುವುದುಂಟು. ಅವರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕುದ್ರೋಳಿ ದೇವಾಲಯವನ್ನೋ ನೋಡಿ ಸಂಜೆಗೆ ಹಡಗು ಸೇರುತ್ತಾರೆ. ರಾತ್ರಿಯಿಡೀ ಪ್ರಸಂಗ ನಡೆಸಬಲ್ಲ ಕಲಾವಿದ ಅಲ್ಲಿ ಐದು ನಿಮಿಷದ ಫೋಟೋಕ್ಕೆ ನಿಂತಿರುತ್ತಾನೆ. ಅವನಿಗೂ ಸಂಭಾವನೆ ಬೇಕು, ಅದನ್ನು ಯಾರೂ ಹೀಗಳೆಯಬೇಕಿಲ್ಲ. ಆದರೆ ಅದನ್ನು ಯಕ್ಷಗಾನ ಎನ್ನಲು ನಾಲಿಗೆ ಹಿಂಜರಿಯುತ್ತದೆ.

ರಷ್ಯದ ವಿಮರ್ಶಕ ಮಿಖಾಯಿಲ್ ಬಖ್ತಿನ್ ರಾಬೆಲೇ ಕುರಿತು ಬರೆದ ಗ್ರಂಥ ಪ್ರಕಟವಾದದ್ದೂ 1965ರಲ್ಲೇ. ಕಾರ್ನಿವಲ್‌ನಲ್ಲಿ ಆಡುವವರು, ನೋಡುವವರು ಎಂಬ ಎರಡು ಪಂಗಡಗಳಿಲ್ಲ, ಜನ ಅದನ್ನು ನೋಡುವುದಿಲ್ಲ, ಅದರೊಳಗೆ ಬದುಕುತ್ತಾರೆ ಎಂಬುದು ಅವನ ವಾದದ ತಿರುಳು. ಆ ದಿನಗಳಲ್ಲಿ ಮೇಲು ಕೀಳು ತಲೆಕೆಳಗಾಗುತ್ತದೆ. ಇದಕ್ಕೆ ತಕರಾರೂ ಇದೆ. ಒಡೆಯರೇ ಅನುಮತಿ ಕೊಟ್ಟು ನಾಲ್ಕು ದಿನ ಕುಣಿಸಿ, ಐದನೆಯ ದಿನ ಮತ್ತೆ ನೊಗಕ್ಕೆ ಕಟ್ಟುವ ಉಪಾಯವಲ್ಲವೇ ಇದು? ಹಾಗಿದ್ದರೆ ಹಬ್ಬವನ್ನು ಕಂಡು ಪ್ರಭುತ್ವ ಯಾಕೆ ಹೆದರಬೇಕು? ಹೆದರಿದ್ದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ.

ಇಂದು ಕಾರ್ನಿವಲ್‌ಗಾಗಿ ಹಡಗು ಹತ್ತುವವರ ಮುಖ್ಯ ನಿಲ್ದಾಣಗಳಲ್ಲೊಂದು ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್. ಆ ದ್ವೀಪಕ್ಕೆ ನಮ್ಮ ದೇಶದ ಜನ ಹಡಗಿನಲ್ಲಿ ಹೋದದ್ದು ಬೇರೆ ಕಾರಣಕ್ಕೆ. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1845ರಿಂದ 1917ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರಾರು ಕೂಲಿಗಳಾಗಿ ಅಲ್ಲಿಗೆ ಸಾಗಿಸಲಾಯಿತು. ಅವರ ಗಂಟಿನಲ್ಲಿ ಹೆಚ್ಚೇನೂ ಇರಲಿಲ್ಲ. ಆದರೆ ಅವರು ಮೊಹರಂ ಹೊತ್ತು ಹೋದರು. ಹುಸೇನರ ಹೆಸರೇ ಅಲ್ಲಿ 'ಹೋಸೆ' ಆಯಿತು, ತಾಜಿಯಾ 'ತಾಜಾ' ಆಯಿತು, ನಮ್ಮ ತಾಷಾ 'ತಾಸಾ' ಆಗಿ ಉಳಿಯಿತು. ಮುಸ್ಲಿಮರ ಜೊತೆ ಹಿಂದೂ ಕೂಲಿಗಳು ಸೇರಿದರು, ಕರಿಯ ಜನರೂ ಸೇರಿದರು. ಆಳುವವರು ಅದನ್ನು 'ಕೂಲಿಗಳ ಕಾರ್ನಿವಲ್' ಎಂದು ಕರೆದರು.

ಹಿಂದಿನ ಗುಲಾಮರ ಮಕ್ಕಳು ಪಂಜು ಹಿಡಿದು ನಡೆಸುತ್ತಿದ್ದ ಕಾರ್ನಿವಲ್ ಮೆರವಣಿಗೆಯನ್ನು ಪೊಲೀಸರು ತಡೆಯಹೋಗಿ 1881ರಲ್ಲಿ ಗಲಭೆಯಾಯಿತು. ಮುಂದೆ ಪಂಜಿನ ಮೇಲೆ, ನಗಾರಿಯ ಮೇಲೆ ನಿರ್ಬಂಧ ಬಂತು. ಹೋಸೆ ಮೆರವಣಿಗೆ ಪಟ್ಟಣ ಪ್ರವೇಶಿಸಬಾರದೆಂದೂ ಆಜ್ಞೆಯಾಯಿತು. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಪಟ್ಟಣದತ್ತ ತಾಜಿಯಾ ಹೊತ್ತು ಹೊರಟವರ ಮೇಲೆ ಗುಂಡು ಹಾರಿತು. ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ತನಿಖೆಗೆ ಬಂದ ಜಮೈಕಾದ ಗವರ್ನರ್ ನಾರ್ಮನ್ ಪೊಲೀಸರು ಮಾಡಿದ್ದೇ ಸರಿ ಎಂದ. ನಗಾರಿ ಕಳೆದುಕೊಂಡ ಜನ ಬಿದಿರ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಮುಂದೆ ಎಣ್ಣೆಯ ಡ್ರಮ್ಮುಗಳನ್ನೇ ತಟ್ಟಿ ಸ್ಟೀಲ್ ಪ್ಯಾನ್ ಎಂಬ ವಾದ್ಯ ಹುಟ್ಟಿಸಿದರು. ಇಂದು ಪ್ರವಾಸಿಗರು ಕಾಸು ಕೊಟ್ಟು ಕೇಳುವುದು ಆ ನಾದವನ್ನೇ. ಅದೇ ಹಬ್ಬದಲ್ಲಿ ವೇಷ ಕೊಂಡವರ ಸುತ್ತ ಹಗ್ಗ ಹಿಡಿದು, ಕೊಳ್ಳದವರನ್ನು ಹೊರಗಿಡುವುದೂ ಇದೆ. ಪ್ರಭುತ್ವ ಮೊದಲು ಹಬ್ಬಕ್ಕೆ ಹೆದರುತ್ತದೆ, ಆಮೇಲೆ ಪರವಾನಗಿಗೆ ಒಳಪಡಿಸುತ್ತದೆ, ಕೊನೆಗೆ ಮಾರುಕಟ್ಟೆಯ ಕೈಗೆ ಒಪ್ಪಿಸುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಮೊಹರಂ ಕಾರ್ನಿವಲ್ ಅಲ್ಲ. ಅದರ ನಡುವಿನಲ್ಲಿ ಇರುವುದು ಕರ್ಬಲಾದ ದುಃಖ. ಆದರೂ ನಮ್ಮ ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಅದು ಇಡೀ ಊರಿನ ಹಬ್ಬವಾಗಿ ಬೆಳೆದಿದೆ. ಅಲಾಯಿ ಕುಣಿಗೆ ಸೌದೆ ಹೊರುವವರು, ಪಂಜಾ ಹಿಡಿಯುವವರು, ಸಕ್ಕರೆ ಓದಿಸುವವರು, ಹರಕೆ ಹೊತ್ತು ಫಕೀರರಾಗುವವರು, ಮೈಗೆ ಹುಲಿಬಣ್ಣ ಬಳಿದುಕೊಳ್ಳುವವರು ಎಲ್ಲ ಜಾತಿಗಳಿಂದಲೂ ಬರುತ್ತಾರೆ. ಮಂಗಳೂರಿನಲ್ಲಿ ನವರಾತ್ರಿಗೆ ಕುಣಿಯುವ ಹುಲಿ ಇಲ್ಲಿ ಮೊಹರಮ್ಮಿಗೆ ಕುಣಿಯುತ್ತದೆ. ಈ ಪರಂಪರೆಯ ಆಳವನ್ನು ರಹಮತ್ ತರೀಕೆರೆಯವರಂಥ ವಿದ್ವಾಂಸರು ಊರೂರು ಸುತ್ತಿ ದಾಖಲಿಸಿದ್ದಾರೆ. ಚಾಂದ್ರಮಾನದ ಹಬ್ಬವಾದ್ದರಿಂದ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತಾ ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಮುಟ್ಟಿ ಬರುತ್ತದೆ. ಯಾವ ಪ್ರವಾಸಿ ಹಂಗಾಮಿಗೂ ಸಿಗದ ಹಬ್ಬ.

ಈ ಹಬ್ಬವನ್ನು ಇಂದು ಎರಡು ಕಡೆಯಿಂದ ಒತ್ತಲಾಗುತ್ತಿದೆ. ಇದು ಧರ್ಮಕ್ಕೆ ಹೊರತು ಎನ್ನುವ ಮುಸ್ಲಿಂ ಉಪದೇಶಕರು ಒಂದು ಕಡೆ, ಇದು ನಮ್ಮದಲ್ಲ ಎಂದು ಹಿಂದೂ ಹುಡುಗರ ಕಿವಿಯೂದುವವರು ಇನ್ನೊಂದು ಕಡೆ. ಶ್ರದ್ಧೆಯ ಪ್ರಶ್ನೆ ಎತ್ತುವ ಹಕ್ಕು ಉಪದೇಶಕರಿಗಿದೆ, ಅದನ್ನು ಗೌರವದಿಂದಲೇ ಚರ್ಚಿಸಬೇಕು. ಆದರೆ ಊರಿನ ಮಂದಿ ಒಬ್ಬರಿಗೊಬ್ಬರು ಬೇಕಾಗುವ ಒಂದು ರಾತ್ರಿಯನ್ನು ಕಳೆದುಕೊಂಡರೆ ಅದರ ಜಾಗದಲ್ಲಿ ಏನು ಬರುತ್ತದೆ ಎಂಬುದಕ್ಕೂ ಅವರು ಉತ್ತರ ಹೇಳಬೇಕಾಗುತ್ತದೆ.

ಮೂರನೆಯ ಒತ್ತಡ ನಮ್ಮದೇ, ಅಂದರೆ ಬರೆಯುವವರದು. ಮೊಹರಂ ಬಂತೆಂದರೆ ಕ್ಯಾಮೆರಾ ಹಿಡಿದು ಹಳ್ಳಿಗೆ ಹೋಗುತ್ತೇವೆ. 'ಭಾವೈಕ್ಯದ ಹಬ್ಬ' ಎಂಬ ತಲೆಬರಹ ಮೊದಲೇ ಸಿದ್ಧವಿರುತ್ತದೆ. ಪಂಜಾ ಹಿಡಿದವನು ಭಾವೈಕ್ಯ ಪ್ರದರ್ಶಿಸುತ್ತಿಲ್ಲ. ಅವನ ಮಗುವಿಗೆ ಜ್ವರ ಬಿಟ್ಟಿರುತ್ತದೆ, ಅಥವಾ ಬೋರಿನಲ್ಲಿ ನೀರು ಬಂದಿರುತ್ತದೆ. ಅದನ್ನು ಕೇಳುವ ವ್ಯವಧಾನವಿಲ್ಲದೆ ಕೊನೆಯ ಬಸ್ಸಿಗೆ ಹಿಂತಿರುಗುವ ನಾವೂ ಹಡಗಿನ ಪ್ರಯಾಣಿಕರೇ. ಸೌಹಾರ್ದವನ್ನು ನೋಡುವ ವಸ್ತು ಮಾಡಿದ ದಿನವೇ ಅದು ಮಾಡುವವರ ಕೈಯಿಂದ ಜಾರತೊಡಗುತ್ತದೆ.

ಹಾಗಾದರೆ ಹಡಗು ಹತ್ತಲೇಬಾರದೇ? ಹಾಗೇನಿಲ್ಲ. ಲೋಕ ಸುತ್ತುವುದು ಒಳ್ಳೆಯದು. ಜಗಳೂರಿನ ಹುಡುಗಿ ಸಮುದ್ರ ನೋಡಿ ಬರುವುದರಲ್ಲಿ ತಪ್ಪು ಹುಡುಕುವ ಹಕ್ಕು ಯಾರಿಗೂ ಇಲ್ಲ. ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಬಳಿ ಮುಸಾಫಿರ್ ಖಾನಾ ಎಂಬ ಕಟ್ಟಡವಿದೆ. ಪಾಳೆಯಗಾರರೂ ಬಿಜಾಪುರದ ಸೇನೆಯೂ ಕಾದಾಡಿದ ಊರದು. ಆದರೂ ಆ ಹೆಸರು ಉಳಿದಿದೆ. ಮುಸಾಫಿರನೆಂದರೆ ಬರೀ ದಾರಿಹೋಕನಲ್ಲ, ಒಂದು ರಾತ್ರಿಯಾದರೂ ತಂಗುವವನು. ತಂಗಿದವನಿಗೆ ಊರಿನ ನೀರಿನ ರುಚಿ ಗೊತ್ತಾಗುತ್ತದೆ, ಅನ್ನ ಕೊಟ್ಟವರ ಹೆಸರು ಗೊತ್ತಾಗುತ್ತದೆ.

ಗೋವಾಕ್ಕೆ ಹೋಗುವವರು ಪಣಜಿಯ ಮೆರವಣಿಗೆ ಮುಗಿದ ಮೇಲೆ ಚಾಂದೋರಿನಲ್ಲಿ ಒಂದು ರಾತ್ರಿ ಇದ್ದು ನೋಡಲಿ. ಊರಿಗೆ ಬರುವವರು ಮೊಹರಮ್ಮಿನ ಕೊನೆಯ ದಿನ ಪಂಜಾಗಳನ್ನು ಹೊಳೆಗೆ ಕಳಿಸುವವರೆಗೂ ನಿಲ್ಲಲಿ, ಮೊಬೈಲನ್ನು ಜೇಬಿನಲ್ಲಿಟ್ಟು ಒಂದು ಕೊಡ ಪಾನಕ ಹೊರಲಿ. ಆಗ ಏನು ಮಾಡಿದೆ ಎಂದು ಅಜ್ಜಿ ಕೇಳಿದರೆ ಹೇಳಲು ಒಂದು ಮಾತಾದರೂ ಇರುತ್ತದೆ.